ವೀಸಾ ಬೇಡ, ಮುಖ ಬೇಕು

ನಮ್ಮ ಮನೆಗಳಲ್ಲಿ ದೂರಪ್ರಯಾಣದ ಮಾತು ಹೊರಟಾಗ ಮೊತ್ತಮೊದಲು ಚರ್ಚೆಗೆ ಬರುವುದು ಉಪ್ಪಿನಕಾಯಿ. ಎಷ್ಟು ಡಬ್ಬಿ, ಮಾವಿನದೋ ನಿಂಬೆಯದೋ, ಎಣ್ಣೆ ಸೋರದಂತೆ ಕಟ್ಟುವ ಬಗೆ ಹೇಗೆ ಎಂಬುವು ಇತ್ಯರ್ಥವಾದ ಬಳಿಕ ಬಟ್ಟೆಬರೆ, ಔಷಧಿ, ಸ್ವೆಟರುಗಳ ವಿಚಾರ. ಕಾಗದಪತ್ರಗಳ ಸರದಿ ಬರುವುದು ಕಟ್ಟಕಡೆಗೆ. ಅದೂ ಹೊರಡುವ ಹಿಂದಿನ ರಾತ್ರಿ. ಹೋಗುತ್ತಿರುವುದು ವೀಸಾ ಬೇಡದ ದೇಶಕ್ಕೆ ಎಂದಾದರಂತೂ ಆ ಸರದಿಯೂ ಬರುವುದಿಲ್ಲ. ‘ವೀಸಾ ಬೇಡ’ ಎಂಬ ಎರಡು ಶಬ್ದಗಳನ್ನು ನಾವು ‘ಏನೂ ಬೇಡ’ ಎಂದು ಅರ್ಥಮಾಡಿಕೊಳ್ಳುತ್ತೇವೆ. ಈ ಅಪಾರ್ಥದ ದೆಸೆಯಿಂದ ನನ್ನ ಅಕ್ಕ ದೆಹಲಿಯ ವಿಮಾನ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಆ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ನಿಂತವಳು ಅಕ್ಕ, ತಪ್ಪು ಮಾತ್ರ ನನ್ನದು.

ಅಕ್ಕನಿಗೆ ಪಶುಪತಿನಾಥನ ದರ್ಶನದ ಹಂಬಲ ಹುಟ್ಟಿದುದು ಭಾವನವರಿಂದ. ಅವರು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತ ಮೂವತ್ತೈದು ವರ್ಷ ಕಳೆದವರು. ನಿವೃತ್ತಿಯ ನಂತರ ಕಾಶಿ, ಅಲ್ಲಿಂದ ಕಠ್ಮಂಡು ಎಂದು ಗೋಡೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ಖರ್ಚಿನ ಅಂದಾಜನ್ನು ಬರೆದಿಟ್ಟಿದ್ದರು. “ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯವರೇ ಕಣೇ. ಪ್ರಸಾದ ಕೊಡುವಾಗ ಕನ್ನಡದಲ್ಲೇ ಮಾತನಾಡಿಸಬಹುದು” ಎಂದು ಹೇಳುತ್ತಿದ್ದರಂತೆ. ಮಾತು ಸುಳ್ಳಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು. ಅವರಲ್ಲಿ ಕರ್ನಾಟಕದಿಂದ ಹೋದವರು ಹಲವರು. ಭಾವನವರಿಗೆ ನಿವೃತ್ತಿಯಾಯಿತು, ಮಗಳ ಮದುವೆಯಾಯಿತು, ಮನೆಯ ಮೇಲೊಂದು ಕೋಣೆಯೂ ಆಯಿತು. ಪ್ರಯಾಣ ಮಾತ್ರ ಆಗಲಿಲ್ಲ. ಅವರು ತೀರಿಕೊಂಡ ಮೂರನೆಯ ವರ್ಷ ಆ ಹಾಳೆ ಅಕ್ಕನ ಪೆಟ್ಟಿಗೆಯಲ್ಲಿ ಸಿಕ್ಕಿತು. “ನೀನು ಕರೆದುಕೊಂಡು ಹೋಗ್ತೀಯೇನೋ?” ಎಂದು ಕೇಳಿದಳು. ಇಲ್ಲವೆನ್ನುವ ತಮ್ಮ ಯಾರಿದ್ದಾನೆ?

ನೇಪಾಳಕ್ಕೆ ಹೋಗುವುದು ಪರದೇಶಕ್ಕೆ ಹೋದಂತಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ೧೯೫೦ರ ಜುಲೈ ೩೧ರಂದು ಎರಡು ದೇಶಗಳ ನಡುವೆ ಆದ ಶಾಂತಿ ಮತ್ತು ಸ್ನೇಹದ ಒಪ್ಪಂದವು ವಾಸ, ವ್ಯಾಪಾರ, ಸಂಚಾರಗಳ ವಿಷಯದಲ್ಲಿ ಪರಸ್ಪರರ ಪ್ರಜೆಗಳಿಗೆ ವಿಶೇಷ ಸೌಲಭ್ಯಗಳನ್ನು ಕೊಟ್ಟಿತು. ಭಾರತೀಯರಿಗೆ ಅಲ್ಲಿ ವೀಸಾ ಇಲ್ಲ. ಪಾಸ್‌ಪೋರ್ಟು ಕೂಡ ಕಡ್ಡಾಯವಲ್ಲ. ಇಷ್ಟು ನನಗೆ ತಿಳಿದಿತ್ತು. ಏನೂ ತಿಳಿಯದವನು ಯಾರನ್ನಾದರೂ ಕೇಳುತ್ತಾನೆ. ಅರ್ಧ ತಿಳಿದವನಿಗೆ ಕೇಳುವ ಬುದ್ಧಿ ಬರುವುದಿಲ್ಲ. ನನ್ನಲ್ಲಿ ಪಾಸ್‌ಪೋರ್ಟಿತ್ತು, ಅಕ್ಕನಲ್ಲಿ ಇರಲಿಲ್ಲ. “ಆಧಾರ್ ಕಾರ್ಡು ಇಟ್ಟುಕೋ ಅಕ್ಕ, ಸಾಕು” ಎಂದು ಧೈರ್ಯ ಹೇಳಿದೆ. ಬೆಂಗಳೂರಿನಿಂದ ದೆಹಲಿಯವರೆಗೆ ಅದು ಸಾಕೂ ಆಯಿತು. ನನ್ನ ಮಾತು ನಿಜವಾಯಿತೆಂದು ನಾನು ಬೀಗಿದುದು ದೆಹಲಿಯಲ್ಲಿ ಕಠ್ಮಂಡುವಿನ ವಿಮಾನದ ಕೌಂಟರು ತಲಪುವವರೆಗೆ.

ಅಲ್ಲಿದ್ದ ತರುಣಿ ಆಧಾರ್ ಕಾರ್ಡನ್ನು ನೋಡಿ ವಿನಯದಿಂದಲೇ ಹಿಂದಕ್ಕೆ ಕೊಟ್ಟಳು. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ಭಾರತೀಯನು ತಾನು ಭಾರತೀಯನೆಂದು ತೋರಿಸುವ ಭಾವಚಿತ್ರಸಹಿತ ಪತ್ರವೊಂದನ್ನು ಹೊಂದಿರಬೇಕು: ಒಂದೋ ಪಾಸ್‌ಪೋರ್ಟು, ಇಲ್ಲವೇ ಚುನಾವಣಾ ಆಯೋಗವು ಕೊಟ್ಟ ಮತದಾರರ ಗುರುತಿನ ಚೀಟಿ. ಆಧಾರ್ ವಾಸಸ್ಥಳದ, ಗುರುತಿನ ಪುರಾವೆಯೇ ಹೊರತು ಪೌರತ್ವದ ಪುರಾವೆಯಲ್ಲ. ೧೫ ವರ್ಷದ ಒಳಗಿನ ಮಕ್ಕಳಿಗೂ ೬೫ ದಾಟಿದ ಹಿರಿಯರಿಗೂ ಮಾತ್ರ ಈ ವಿಷಯದಲ್ಲಿ ರಿಯಾಯಿತಿ. ಅವರು ವಯಸ್ಸನ್ನೂ ಗುರುತನ್ನೂ ತೋರಿಸುವ ಭಾವಚಿತ್ರವಿರುವ ಬೇರೆ ಪತ್ರಗಳ ಮೇಲೆ ಹೋಗಬಹುದು, ಆಧಾರ್ ಕೂಡ ನಡೆಯುತ್ತದೆ.

ಅಕ್ಕನಿಗೆ ೬೫ ತುಂಬಲು ಇನ್ನೂ ಮೂರು ತಿಂಗಳಿತ್ತು.

ವಯಸ್ಸು ಹೆಚ್ಚಾಯಿತೆಂದು ಮರುಗುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ವಯಸ್ಸು ಸಾಲದೆಂದು ಕಣ್ಣಲ್ಲಿ ನೀರು ತಂದುಕೊಂಡವಳನ್ನು ಕಂಡುದು ಅದೇ ಮೊದಲು. ಒಡಹುಟ್ಟಿದವಳು ಎಂದು ನಾನು ವಾದಿಸಿ ನೋಡಿದೆ. ಆದರೆ ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕ ನನ್ನ ಅಕ್ಕನೆಂಬುದಕ್ಕೆ ನನ್ನ ಬಳಿ ಇಬ್ಬರ ಮೂಗಿನ ಹೋಲಿಕೆಯ ಹೊರತು ಬೇರೆ ಪುರಾವೆ ಇರಲಿಲ್ಲ.

ಆಗ ಅಕ್ಕ ತನ್ನ ಕೈಚೀಲದ ಒಳಜೇಬನ್ನು ತಡಕಾಡಿದಳು. ಎಲ್ಲ ಗೃಹಿಣಿಯರ ಕೈಚೀಲದಲ್ಲೂ ಇಂಥದೊಂದು ಜೇಬಿರುತ್ತದೆ. ಗಂಡಸರು ಅದನ್ನು ಕಂಡು ನಗುತ್ತಾರೆ. ಕಷ್ಟ ಬಂದಾಗ ಅದರ ಕಡೆಗೇ ನೋಡುತ್ತಾರೆ. ಔಷಧಿಯ ಚೀಟಿ, ಬಸ್ಸಿನ ಹಳೆಯ ಪಾಸು, ದೇವರ ಕುಂಕುಮದ ಪೊಟ್ಟಣ, ಇವುಗಳ ನಡುವಿನಿಂದ ಹೊರಬಂದುದು ಮತದಾರರ ಚೀಟಿ. ಈ ಚೀಟಿಗಳು ನಮ್ಮ ದೇಶದಲ್ಲಿ ಆರಂಭವಾದುದು ೧೯೯೩ರಲ್ಲಿ, ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಅಕ್ಕನದು ಆ ಮೊದಲ ವರ್ಷಗಳದು. ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ ತೆಗೆದ, ಅಂಚು ಮಾಸಿದ, ಕಪ್ಪು ಬಿಳುಪಿನ ಚಿಕ್ಕ ಚಿತ್ರ. ಅದರಲ್ಲಿದ್ದವಳು ಮುಡಿತುಂಬ ಮಲ್ಲಿಗೆ ಮುಡಿದು, ಹಣೆಯಲ್ಲಿ ಕಾಸಿನಗಲದ ಕುಂಕುಮವಿಟ್ಟು, ತುಂಬುಗೆನ್ನೆಯಲ್ಲಿ ನಗುತ್ತಿದ್ದ ಮೂವತ್ತು ದಾಟಿದ ಹೆಂಗಸು. ಕೌಂಟರಿನ ಮುಂದೆ ನಿಂತಿದ್ದವಳು ನರೆತ ತಲೆಯ, ದಪ್ಪ ಕನ್ನಡಕದ, ತಿಳಿಬಣ್ಣದ ಸೀರೆಯ, ಬೋಳುಹಣೆಯ ಇನ್ನೊಬ್ಬಳು.

ತರುಣಿ ಚೀಟಿಯನ್ನೂ ಮುಖವನ್ನೂ ಎರಡೆರಡು ಸಲ ನೋಡಿದಳು. “ಅಮ್ಮಾ, ಇದು ನೀವೇನಾ?” ಎಂದು ಮೆಲ್ಲಗೆ ಕೇಳಿದಳು. ನಾನು ಅನುವಾದಿಸಿ ಹೇಳಿದೆ. ಅಕ್ಕ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿದಳು.

“ಆಗ ನಾನೇ” ಎಂದಳು.

ಆ ಉತ್ತರವನ್ನು ಹಿಂದಿಗೆ ತಿರುಗಿಸುವುದು ನನ್ನಿಂದಾಗಲಿಲ್ಲ. ‘ಹೌದಂತೆ’ ಎಂದಷ್ಟೇ ಹೇಳಿದೆ.

ಮೇಲಿನ ಅಧಿಕಾರಿ ಬಂದರು. ಕನ್ನಡಕ ತೆಗೆಸಿ ನೋಡಿದರು, ಪಕ್ಕಕ್ಕೆ ನಿಲ್ಲಲು ಹೇಳಿದರು, ಮತ್ತೊಬ್ಬರನ್ನು ಕರೆದರು. ಕೊನೆಗೆ ಚೀಟಿಯನ್ನು ತಮ್ಮ ಅಂಗೈಯಲ್ಲಿ ಮರೆಮಾಡಿಕೊಂಡು, ಅದರಲ್ಲಿರುವ ಗಂಡನ ಹೆಸರನ್ನು ಹೇಳಬೇಕೆಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಅವರೇ ಹೇಳಲಿ ಎಂದು ನನ್ನನ್ನು ತಡೆದರು. ನಲವತ್ತು ವರ್ಷ ಸಂಸಾರ ಮಾಡಿದ ಅಕ್ಕ ಭಾವನವರನ್ನು ‘ನಮ್ಮನೆಯವರು’ ಎಂದದ್ದನ್ನು, ‘ಇವರು’ ಎಂದದ್ದನ್ನು, ಸಿಟ್ಟು ಬಂದಾಗ ‘ನಿಮ್ಮ ಭಾವ’ ಎಂದದ್ದನ್ನು ಕೇಳಿದ್ದೇನೆ. ಬಾಯಿಬಿಟ್ಟು ಹೆಸರು ಹೇಳಿದ್ದನ್ನು ಕೇಳಿರಲಿಲ್ಲ. ಅಂದು ಅವಳು ತಂದೆಯ ಹೆಸರಿನ ಮೊದಲಕ್ಷರ ಸಹಿತವಾಗಿ, ಸ್ಪಷ್ಟವಾಗಿ, ಶಾಲೆಯ ಹುಡುಗಿಯಂತೆ ಆ ಹೆಸರನ್ನು ಹೇಳಿದಳು. ಅಧಿಕಾರಿ ಚೀಟಿ ನೋಡಿ ತಲೆಯಾಡಿಸಿದರು. ವಿಮಾನದ ಬಾಗಿಲು ಹಾಕುವ ಮೊದಲು ನಾವು ಓಡುತ್ತ ಹೋಗಿ ಕುಳಿತೆವು. ವಿಮಾನ ಮೇಲೇರುವವರೆಗೆ ಅಕ್ಕ ಒಂದು ಮಾತೂ ಆಡಲಿಲ್ಲ.

ಇಲ್ಲಿ ನಾನು ಕಲಿತ ಪಾಠವನ್ನು ವಾಚಕರಿಗೆ ಹೇಳಬೇಕು. ವೀಸಾ ಬೇಕಾದ ದೇಶಕ್ಕೆ ಹೊರಟವನ ಭಾವಚಿತ್ರವನ್ನು ಆ ದೇಶದ ಕಚೇರಿ ತಿಂಗಳಿಗೆ ಮೊದಲೇ ನೋಡಿರುತ್ತದೆ. ಅಳತೆ ತಪ್ಪಿದ್ದರೆ, ಮುಖ ಮಸುಕಾಗಿದ್ದರೆ, ಅರ್ಜಿ ಹಿಂದಕ್ಕೆ ಬರುತ್ತದೆ. ಅರ್ಜಿದಾರ ಮನೆಯಲ್ಲಿ ಕುಳಿತು ಗೊಣಗಿ ಇನ್ನೊಂದು ಚಿತ್ರ ತೆಗೆಸುತ್ತಾನೆ. ವೀಸಾ ಬೇಡದ ದೇಶಕ್ಕೆ ಹೊರಟವನಿಗೆ ಈ ಮುನ್ನೆಚ್ಚರಿಕೆ ಇಲ್ಲ. ಅವನ ಚಿತ್ರವನ್ನೂ ಮುಖವನ್ನೂ ಜೊತೆಗಿಟ್ಟು ಮೊದಲು ನೋಡುವ ವ್ಯಕ್ತಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತವನು. ನೋಡುವ ದಿನ ಹೊರಡುವ ದಿನ. ಆದ್ದರಿಂದ ಎಲ್ಲಿ ವೀಸಾದ ಕಾಟವಿಲ್ಲವೋ ಅಲ್ಲಿ ಕೈಯಲ್ಲಿರುವ ಆ ಒಂದು ಚಿತ್ರವೇ ಎಲ್ಲ ಭಾರವನ್ನೂ ಹೊರಬೇಕು. ಭೂತಾನಕ್ಕೆ ಹೋಗುವವರ ಪಾಡೂ ಇದೇ. ಅಲ್ಲಿಗೂ ನಮಗೆ ವೀಸಾ ಬೇಡ. ಆದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟು ಅಥವಾ ಮತದಾರರ ಚೀಟಿ ಬೇಕು. ಮಾರಿಷಸ್ಸಿಗೆ ಹೋಗುವ ಭಾರತೀಯ ಪ್ರವಾಸಿಯೂ ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ; ಪಾಸ್‌ಪೋರ್ಟು ಮಾತ್ರ ಬೇಕೇ ಬೇಕು.

ಮಾರಿಷಸ್ಸಿನ ಹೆಸರೆತ್ತಿದಾಗ ಒಂದು ಸಂಗತಿ ನೆನಪಾಗುತ್ತದೆ. ಮುಖದ ಚಿತ್ರವನ್ನು ಪ್ರಯಾಣದ ಕಾಗದಕ್ಕೆ ಅಂಟಿಸುವ ಪದ್ಧತಿ ಮೊದಲ ಮಹಾಯುದ್ಧದ ಕಾಲದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಮಾರಿಷಸ್ಸಿನಲ್ಲಿ ಕಬ್ಬಿನ ತೋಟಗಳ ಗುತ್ತಿಗೆ ಮುಗಿಸಿದ ಭಾರತೀಯ ಕೂಲಿಗಳ ಚಿತ್ರ ತೆಗೆದು ಚೀಟಿಗೆ ಅಂಟಿಸುತ್ತಿದ್ದರು. ೧೮೬೭ರ ಕಾನೂನಿನಂತೆ ಅಂಥ ಚೀಟಿ ಸದಾ ಅವರ ಬಳಿಯಲ್ಲಿರಬೇಕಾಗಿತ್ತು. ಇಲ್ಲದೆ ಸಿಕ್ಕಿಬಿದ್ದವನಿಗೆ ಶಿಕ್ಷೆ. ಕೂಲಿಯನ್ನು ಕಾವಲಲ್ಲಿಡಲು ತೆಗೆದ ಚಿತ್ರಗಳವು. ಅಲ್ಲಿನ ಮೋಕಾ ಎಂಬಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯ ದಾಖಲೆಗಳ ನಡುವೆ ಆ ಮುಖಗಳು ಇಂದಿಗೂ ಇವೆ. ಯಾವ ಮುಖದಲ್ಲೂ ನಗೆಯಿಲ್ಲ. ಮೊಮ್ಮಕ್ಕಳ ಮಕ್ಕಳು ಬಂದು ತಮ್ಮ ಹಿರಿಯರನ್ನು ಹುಡುಕುವುದು ಆ ಚಿತ್ರಗಳಲ್ಲಿಯೇ. ಬೇರೆ ಚಿತ್ರ ತೆಗೆಸಿಕೊಳ್ಳುವ ಶಕ್ತಿ ಆ ಬಡವರಿಗೆ ಎಲ್ಲಿಂದ ಬರಬೇಕು?

ಯೂರೋಪಿನಲ್ಲಿ ಈ ಪದ್ಧತಿ ಬಂದುದು ಭಯದಿಂದ. ೧೯೧೪ರ ಆಗಸ್ಟಿನಲ್ಲಿ ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರನು ಚಾರ್ಲ್ಸ್ ಇಂಗ್ಲಿಸ್ ಎಂಬ ಅಮೆರಿಕನ್ನನ ಪಾಸ್‌ಪೋರ್ಟಿನ ಮೇಲೆ ಬ್ರಿಟನ್ನಿಗೆ ಬಂದಿಳಿದನು. ಆ ಕಾಲದ ಪಾಸ್‌ಪೋರ್ಟುಗಳಲ್ಲಿ ಸಾಮಾನ್ಯವಾಗಿ ಭಾವಚಿತ್ರವಿರುತ್ತಿರಲಿಲ್ಲ. ಅದು ಯಾರ ಕೈಯಲ್ಲಿದೆಯೋ ಅವನೇ ಇಂಗ್ಲಿಸ್. ಕೊನೆಗೆ ಸಿಕ್ಕಿಬಿದ್ದ ಲೋಡಿಯನ್ನು ಆ ವರ್ಷದ ನವೆಂಬರ್ ೬ರಂದು ಲಂಡನ್ ಗೋಪುರದ ಆವರಣದಲ್ಲಿ ಗುಂಡಿಟ್ಟು ಕೊಂದರು. ಅದೇ ಡಿಸೆಂಬರಿನಲ್ಲಿ ಅಮೆರಿಕವೂ, ೧೯೧೫ರಲ್ಲಿ ಬ್ರಿಟನ್ನೂ ಪಾಸ್‌ಪೋರ್ಟಿಗೆ ಭಾವಚಿತ್ರ ಬೇಕೆಂದು ವಿಧಿಸಿದವು. ಆಗ ಚಿತ್ರದ ವಿಷಯದಲ್ಲಿ ಇಂದಿನ ಬಿಗಿಯಿರಲಿಲ್ಲ. ಟೋಪಿ ಧರಿಸಿ, ಓರೆಯಾಗಿ ಕುಳಿತು ತೆಗೆಸಿಕೊಂಡ ಚಿತ್ರಗಳೂ ನಡೆಯುತ್ತಿದ್ದವು. ೧೯೨೦ರಲ್ಲಿ ರಾಷ್ಟ್ರಸಂಘದ ವತಿಯಿಂದ ಪ್ಯಾರಿಸಿನಲ್ಲಿ ಸೇರಿದ ಸಭೆ ಪಾಸ್‌ಪೋರ್ಟಿನ ಪುಸ್ತಕಕ್ಕೆ ಒಂದು ಮಾದರಿಯನ್ನು ಸೂಚಿಸಿತು. ಯುದ್ಧದ ತುರ್ತಿಗೆಂದು ಬಂದ ಏರ್ಪಾಡು ಯುದ್ಧ ಮುಗಿದರೂ ಹೋಗಲಿಲ್ಲ. ಬಂದ ನೆಂಟರಲ್ಲೂ ಕೆಲವರು ಹೀಗೆಯೇ ಅಲ್ಲವೆ?

ಇಂದು ಈ ನಿಯಮಗಳಿಗೆ ತಾಯಿಮನೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. ೧೯೮೦ರಲ್ಲಿ ಮೊದಲು ಪ್ರಕಟವಾದ, ೯೩೦೩ ಎಂಬ ಸಂಖ್ಯೆಯ ಅದರ ಗ್ರಂಥವೇ ಪ್ರಪಂಚದ ಪಾಸ್‌ಪೋರ್ಟುಗಳೆಲ್ಲಕ್ಕೂ ಲಕ್ಷಣಶಾಸ್ತ್ರ. ಪಾಸ್‌ಪೋರ್ಟಿನ ಚಿತ್ರದ ಪುಟದ ಕೆಳಗೆ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಸಾಲಿಗೆ ೪೪ ಅಕ್ಷರಗಳಂತೆ, ಅವು ನಮಗಾಗಿ ಬರೆದವಲ್ಲ, ಯಂತ್ರಕ್ಕಾಗಿ ಬರೆದವು. ಯಂತ್ರ ಓದಲಾರದ ಹಳೆಯ ಪಾಸ್‌ಪೋರ್ಟುಗಳೆಲ್ಲ ೨೦೧೫ರ ನವೆಂಬರ್ ೨೪ರೊಳಗೆ ಚಲಾವಣೆಯಿಂದ ಹೋಗಬೇಕೆಂದು ಗಡುವಿಟ್ಟುದೂ ಈ ಸಂಸ್ಥೆಯೇ. ಈಗ ಭಾರತದಲ್ಲಿಯೂ ಚಿಪ್ಪು ಅಡಗಿಸಿಟ್ಟ ಇ-ಪಾಸ್‌ಪೋರ್ಟುಗಳು ಬಂದಿವೆ. ಆ ಚಿಪ್ಪಿನೊಳಗೂ ಇರುವುದು ನಮ್ಮ ಮುಖವೇ.

ಯಂತ್ರಕ್ಕೆ ನಮ್ಮ ಚೆಲುವು ಬೇಕಿಲ್ಲ. ಅದು ಕಣ್ಣಿನಿಂದ ಕಣ್ಣಿಗೆ ಎಷ್ಟು ದೂರ, ಮೂಗಿನಿಂದ ಬಾಯಿಗೆ ಎಷ್ಟು, ಗಲ್ಲದ ಅಂಚು ಎಲ್ಲಿ ಎಂದು ಹೊಲ ಅಳೆಯುವ ಸರ್ವೆಯವನಂತೆ ಅಳೆಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟರೆ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ನಗಬಾರದೇಕೆ? ನಕ್ಕರೆ ಬಾಯಿ ಅಗಲವಾಗುತ್ತದೆ, ಕೆನ್ನೆ ಮೇಲೇರುತ್ತದೆ, ಕಣ್ಣು ಕಿರಿದಾಗುತ್ತದೆ, ಅಳತೆ ಕೆಡುತ್ತದೆ. ಬಾಯಿ ಮುಚ್ಚಿ, ಕಣ್ಣು ತೆರೆದು, ನೇರವಾಗಿ ನೋಡಬೇಕು. ಹಿನ್ನೆಲೆ ಬಿಳಿಯಾಗಿರಬೇಕೇಕೆ? ತಲೆಯ ಅಂಚು ಎಲ್ಲಿ ಮುಗಿಯಿತೆಂದು ತಿಳಿಯಲಿಕ್ಕೆ. ಕನ್ನಡಕ ಬೇಡವೇಕೆ? ಗಾಜಿನ ಹೊಳಪು ಕಣ್ಣನ್ನು ನುಂಗುತ್ತದೆ. ಅಮೆರಿಕದವರು ೨೦೧೬ರ ನವೆಂಬರಿನಿಂದ ಪಾಸ್‌ಪೋರ್ಟಿನ ಚಿತ್ರದಲ್ಲಿ ಕನ್ನಡಕವನ್ನೇ ನಿಷೇಧಿಸಿದರು. ಧಾರ್ಮಿಕ ಕಾರಣದಿಂದ ತಲೆ ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಬಹುದು. ಹಣೆಯಿಂದ ಗಲ್ಲದವರೆಗೆ, ಎರಡು ಬದಿಯ ಅಂಚುಗಳೂ ಸೇರಿ, ಮುಖ ಕಾಣಬೇಕು. ಹಣೆಯ ಬೊಟ್ಟು, ಮೂಗುಬೊಟ್ಟುಗಳು ಮುಖವನ್ನು ಮರೆಮಾಡುವುದಿಲ್ಲ. ಬೆಳಕಿಗೆ ಮಿಂಚು ಹೊಡೆಯದಿದ್ದರೆ ಸಾಕು. ಚಿತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಇನ್ನು ಮೊಬೈಲಿನಲ್ಲಿ ಮೈಬಣ್ಣ ತಿಳಿಮಾಡಿ, ಕಲೆ ಅಳಿಸಿ, ಗಲ್ಲ ಕಿರಿದುಮಾಡಿದ ಚಿತ್ರವಂತೂ ಸಲ್ಲದು.

ಈ ಕೊನೆಯ ನಿಯಮ ನಮ್ಮ ತಲೆಮಾರಿನವರಿಗೆ ಕಷ್ಟದ್ದು. ನಾವು ಬೆಳೆದ ಕಾಲದ ಸ್ಟುಡಿಯೋಗಳಲ್ಲಿ ಅರಮನೆಯ ಮೆಟ್ಟಿಲು ಬರೆದ ಪರದೆಯ ಮುಂದೆ ಕೂರಿಸಿ, ಮುಖಕ್ಕೆ ಪೌಡರು ಹಚ್ಚಿಸಿ, “ಗಲ್ಲ ಸ್ವಲ್ಪ ಮೇಲೆ, ಈಗ ಸ್ವಲ್ಪ ನಗಿ” ಎಂದು ಹೇಳಿ, ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಸಿಡುಬಿನ ಕಲೆಯನ್ನು ಅಳಿಸಿ ಕೊಡುತ್ತಿದ್ದರು. ಚಿತ್ರವೆಂದರೆ ನಾವು ಹೇಗಿರಬೇಕಾಗಿತ್ತೋ ಹಾಗೆ ಕಾಣುವುದು. ಪಾಸ್‌ಪೋರ್ಟಿನ ಚಿತ್ರವೆಂದರೆ ನಾವು ಹೇಗಿದ್ದೇವೋ ಹಾಗೆ ಕಾಣುವುದು. ಎರಡರ ನಡುವೆ ಎಷ್ಟು ಅಂತರ ಎಂಬುದು ಅದನ್ನು ಕೈಗೆತ್ತಿಕೊಂಡ ದಿನ ಗೊತ್ತಾಗುತ್ತದೆ.

ಅಳತೆಗಳ ವಿಷಯದಲ್ಲಿ ಪ್ರಪಂಚಕ್ಕೆ ಇನ್ನೂ ಒಮ್ಮತವಿಲ್ಲ. ನಮ್ಮಲ್ಲಿಯೂ ಬ್ರಿಟನ್ನಿನಲ್ಲಿಯೂ ೩೫ ಮಿಲಿಮೀಟರು ಅಗಲ, ೪೫ ಎತ್ತರ. ಅಮೆರಿಕದಲ್ಲಿ ಎರಡು ಅಂಗುಲದ ಚೌಕ. ಕೆನಡಾದ ಪಾಸ್‌ಪೋರ್ಟಿಗೆ ೫೦ ಅಗಲ, ೭೦ ಎತ್ತರ. ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಭಾರತೀಯ ಪಾಸ್‌ಪೋರ್ಟನ್ನು ಅಲ್ಲಿನ ನಮ್ಮ ಕಚೇರಿಗಳಲ್ಲಿ ನವೀಕರಿಸುವಾಗ ಒಂದು ಬದಲಾವಣೆಯನ್ನು ಗಮನಿಸಬೇಕು. ೨೦೨೫ರ ಸೆಪ್ಟೆಂಬರ್ ೧ರಿಂದ ಅಂತರರಾಷ್ಟ್ರೀಯ ಮಾನದಂಡಕ್ಕೆ ಒಪ್ಪುವ ಚಿತ್ರವನ್ನೇ ಕೇಳುತ್ತಿದ್ದಾರೆ: ಬಿಳಿಯ ಹಿನ್ನೆಲೆ, ೬೩೦ಕ್ಕೆ ೮೧೦ ಪಿಕ್ಸೆಲ್, ಚಿತ್ರದ ನೂರಕ್ಕೆ ೮೦ರಿಂದ ೮೫ ಭಾಗ ಮುಖ. ಕಳೆದ ಸಲದ ಚಿತ್ರಗಳು ಮಿಕ್ಕಿವೆಯೆಂದು ಅವನ್ನೇ ಕಳಿಸಿ ಮಿತವ್ಯಯ ಮಾಡಹೋಗಬಾರದು.

ಊರಿನಲ್ಲಿರುವ ನಮಗೆ ಈ ತೊಡಕು ಕಡಮೆ. ಪಾಸ್‌ಪೋರ್ಟ್ ಸೇವಾಕೇಂದ್ರದಲ್ಲಿ ಚಿತ್ರವನ್ನು ಅವರೇ ತೆಗೆಯುತ್ತಾರೆ. ಒಯ್ಯಬೇಕಾದುದು ನಮ್ಮ ಮುಖವನ್ನು ಮಾತ್ರ. ನಾಲ್ಕು ವರ್ಷದೊಳಗಿನ ಶಿಶುಗಳ ಚಿತ್ರವನ್ನು ಮಾತ್ರ ನಾವೇ ತೆಗೆಸಿಕೊಂಡು ಹೋಗಬೇಕು. ತಂಗಿಯ ಮೊಮ್ಮಗುವಿಗೆ ಅಂಥ ಚಿತ್ರ ತೆಗೆಯಲು ನಮ್ಮ ಮನೆಯಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಹಿಡಿದುಕೊಂಡವರ ಕೈ ಕಾಣಕೂಡದು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಆ ಮಹಾರಾಯ ಕಣ್ಣು ತೆರೆದಾಗಲೆಲ್ಲ ಬಾಯಿ ತೆರೆಯುತ್ತಿದ್ದ, ಬಾಯಿ ಮುಚ್ಚಿದಾಗಲೆಲ್ಲ ನಿದ್ರಿಸುತ್ತಿದ್ದ. ಕಡೆಗೆ ಮಗುವಿನ ಮುತ್ತಜ್ಜಿಯೇ ಬಿಳಿಯ ಮಗ್ಗುಲುಹಾಸನ್ನು ನೆಲಕ್ಕೆ ಹಾಸಿ, ಮಲಗಿಸಿ, ಕಿಟಕಿಯ ಬೆಳಕು ಸಮನಾಗಿ ಬೀಳುವಂತೆ ತಿರುಗಿಸಿ, ಮೇಲಿನಿಂದ ಚಿತ್ರ ತೆಗೆಯಲು ಹೇಳಿದರು. ಸ್ಟುಡಿಯೋದವನೂ ಹೀಗೆಯೇ ಮಾಡುತ್ತಾನೆಂದು ಆಮೇಲೆ ತಿಳಿಯಿತು.

ಇನ್ನು ಅಕ್ಕನ ಕಥೆಯನ್ನು ಮುಗಿಸುತ್ತೇನೆ. ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತು. ಬೆಳ್ಳಿಯ ಬಾಗಿಲ ಬಳಿ ಗಂಧಪ್ರಸಾದ ಕೊಡುತ್ತಿದ್ದ ಭಟ್ಟರು, ಅಕ್ಕ ನನ್ನೊಡನೆ ಆಡಿದ ಮಾತನ್ನು ಕೇಳಿಸಿಕೊಂಡು, “ಯಾವೂರಾಯ್ತು?” ಎಂದರು. ಅಕ್ಕ ಊರಿನ ಹೆಸರು ಹೇಳಿದಳು. ಅಲ್ಲಿಂದ ಹೊರಬಂದು ಬಾಗ್ಮತಿಯ ದಂಡೆಯಲ್ಲಿ ಕುಳಿತಾಗ, “ಅವರು ಹೇಳಿದ್ದು ನಿಜ ಕಣೋ” ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಊರಿಗೆ ಹೋದ ಮೇಲೆ ನನಗೊಂದು ಪಾಸ್‌ಪೋರ್ಟು ಮಾಡಿಸು. ಇನ್ನೊಂದು ಸಲ ಯಾರೂ ನನ್ನನ್ನ ಅದು ನೀನೇನಾ ಅಂತ ಕೇಳಬಾರದು” ಎಂದಳು.

ಮಾಡಿಸಲು ಹೊರಟೆವು. ಅರ್ಜಿ ಹಾಕಿದ್ದಾಯಿತು, ದಿನ ಗೊತ್ತಾಯಿತು. ಹಿಂದಿನ ಸಂಜೆ ನಾನು ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಹೇಳುತ್ತ ಹೇಳುತ್ತ, “ಅಲ್ಲಿ ಹಿಂದೆ ಬಿಳಿಯ ಪರದೆ ಇರುತ್ತದೆ. ನೀನು ಉಡುವ ಈ ತಿಳಿಬಣ್ಣದ ಸೀರೆ ಅದರಲ್ಲಿ ಕರಗಿಹೋಗುತ್ತದೆ. ಸ್ವಲ್ಪ ಗಾಢವಾದ ಬಣ್ಣದ್ದು ಉಟ್ಟುಕೋ” ಎಂದೆ.

ಭಾವನವರು ಹೋದಂದಿನಿಂದ ಅಕ್ಕ ಗಾಢಬಣ್ಣದ ಸೀರೆ ಉಟ್ಟಿರಲಿಲ್ಲ. ಉಡಬಾರದೆಂದು ಯಾರೂ ಹೇಳಿರಲಿಲ್ಲ. ಉಡೆಂದು ಮಗಳು ಎಷ್ಟೋ ಸಲ ಹೇಳಿದ್ದಳು. ನನ್ನ ಮನೆಯಾಕೆ ಜಗಳವಾಡಿಯೂ ನೋಡಿದ್ದಳು. “ನನಗ್ಯಾಕೆ ಈಗ ಅದೆಲ್ಲ” ಎನ್ನುವುದು ಅವಳ ಉತ್ತರ. ಅಂದು ಏನೂ ಅನ್ನಲಿಲ್ಲ. “ನಿಯಮವೇನೋ ಹಾಗೆ?” ಎಂದು ಕೇಳಿದಳು.

ಕಡ್ಡಾಯದ ನಿಯಮವಲ್ಲ, ಒಳ್ಳೆಯ ಸಲಹೆ ಅಷ್ಟೇ. ಆದರೂ ನಾನು ಜೀವನದಲ್ಲಿ ಹೇಳಿದ ಕೆಲವೇ ಒಳ್ಳೆಯ ಸುಳ್ಳುಗಳಲ್ಲಿ ಒಂದನ್ನು ಅಂದು ಹೇಳಿದೆ: “ಹೌದಕ್ಕ. ಸರಕಾರದ ನಿಯಮ.”

ಮರುದಿನ ಬೆಳಿಗ್ಗೆ ಅಕ್ಕ ನೇರಳೆ ಬಣ್ಣದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಹಣೆಯಲ್ಲಿ ಸಾಸಿವೆಯಷ್ಟು ಒಂದು ಬೊಟ್ಟಿತ್ತು. ನಾನು ಅದನ್ನು ನೋಡಿದುದನ್ನು ಕಂಡು, “ಇದಕ್ಕೇನೂ ಅಡ್ಡಿಯಿಲ್ಲ ತಾನೇ?” ಎಂದಳು. ಇಲ್ಲವೆಂದೆ. ಸೇವಾಕೇಂದ್ರದ ಮೊದಲ ಕೌಂಟರಿನಲ್ಲಿ ಕುಳಿತಿದ್ದ ಹುಡುಗ ಕನ್ನಡಕ ತೆಗೆಯಲು ಹೇಳಿದ, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಲು ಹೇಳಿದ, “ನಗಬೇಡಿ ಅಮ್ಮ” ಎಂದ. ಅಕ್ಕ ನಗುತ್ತಿರಲಿಲ್ಲ, ಅವಳ ಮುಖವೇ ಹಾಗೆ ಎಂದು ನನಗೆ ಆಗಲೇ ಮತ್ತೆ ನೆನಪಾದುದು. ಮೂರನೆಯ ಸಲಕ್ಕೆ ಚಿತ್ರ ಸರಿಯಾಯಿತು. ಪರದೆಯ ಮೇಲೆ ಮೂಡಿದುದನ್ನು ಕನ್ನಡಕ ಹಾಕಿಕೊಂಡು ನೋಡಿ, “ವಯಸ್ಸಾಗಿದೆ” ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ಅಡಿಗೆಗೆ ಉಪ್ಪು ಸರಿಯಾಗಿದೆ ಎನ್ನುವ ದನಿಯಲ್ಲಿ ಹೇಳಿದಳು.

ವಾಚಕರಲ್ಲಿ ಯಾರಾದರೂ ವೀಸಾ ಬೇಡದ ದೇಶಕ್ಕೆ ಹೊರಟಿದ್ದರೆ, ಉಪ್ಪಿನಕಾಯಿಯ ಚರ್ಚೆಗೆ ಮೊದಲು ಪೆಟ್ಟಿಗೆಯಿಂದ ಆ ಚೀಟಿಯನ್ನೋ ಪಾಸ್‌ಪೋರ್ಟನ್ನೋ ಹೊರತೆಗೆದು, ಮನೆಯವರೊಬ್ಬರ ಕೈಗೆ ಕೊಟ್ಟು, ಬೆಳಕಿನಲ್ಲಿ ನಿಂತುಕೊಂಡು, “ಇದು ನಾನೇ ಏನು?” ಎಂದು ಕೇಳಬೇಕು. ಅವರು ಒಂದು ಕ್ಷಣ ತಡೆದು ಉತ್ತರಿಸಿದರೆ ಹೊಸ ಚಿತ್ರದ ಕಾಲ ಬಂದಿತೆಂದೇ ತಿಳಿಯಬೇಕು. ಮತದಾರರ ಚೀಟಿಯ ಚಿತ್ರವನ್ನು ೮ನೆಯ ನಮೂನೆಯ ಅರ್ಜಿಯಿಂದ ಬದಲಿಸಿಕೊಳ್ಳಬಹುದು. ಪಾಸ್‌ಪೋರ್ಟಿನ ಅವಧಿ ಮುಗಿಯದಿದ್ದರೂ ಮುಖ ಬದಲಾಗಿದೆಯೆಂಬ ಕಾರಣಕ್ಕೆ ಹೊಸದನ್ನು ಕೇಳಬಹುದು. ಮುಖ ಬದಲಾಗುತ್ತದೆಂಬುದು ಸರಕಾರಕ್ಕೂ ಗೊತ್ತಿದೆ. ಒಪ್ಪಿಕೊಳ್ಳಬೇಕಾದವರು ನಾವು.

ಅಕ್ಕನ ಪಾಸ್‌ಪೋರ್ಟು ಬಂದಿದೆ. ಅದರ ಅವಧಿ ಹತ್ತು ವರ್ಷ. ಮುಂದಿನ ಬೇಸಿಗೆಗೆ ಭೂತಾನಕ್ಕೆ ಹೋಗೋಣವೆನ್ನುತ್ತಾಳೆ. ನೇರಳೆ ಬಣ್ಣದ ಸೀರೆಯನ್ನು ಮೊನ್ನೆ ಗೌರಿಹಬ್ಬದ ದಿನವೂ ಉಟ್ಟಿದ್ದಳು. ಅಂದು ಯಾವ ಸರಕಾರದ ನಿಯಮವೂ ಇರಲಿಲ್ಲ.